ಹಗ್ಗ ಮುಟ್ಟಿದವರ ಪಾಲು

"ಸೂರ್ಯ ನೀರು ಮುಟ್ಟೋ ಹೊತ್ತು. ದತ್ತಾ ಜಟ್ಟುನ್ನ ಕರ್ಕಂಡು ಬಂಡೆ ಬದಿಗೆ ಹೋದ. ನಾ ಕಣ್ಣಾರೆ ಕಂಡೆ."

ಇಷ್ಟು ಹೇಳಿ ಗಂಗೂ, ಎದುರು ಕೂತಿದ್ದ ಪಿಎಸ್‌ಐ ಸುಮಲತಾಳನ್ನು ಬಿಟ್ಟು, ಪಕ್ಕದ ಗೋಡೆಗೆ ಒರಗಿಸಿಟ್ಟ ಅಕ್ಕಿಚೀಲದ ಕಡೆ ಮುಖ ಮಾಡಿ, "ಚಾ ಮಾಡ್ಲಾ ಮೇಡಂ?" ಎಂದಳು.

ಗಂಗೂಳ ಎರಡೂ ಕಣ್ಣಿಗೆ ಪೊರೆ ಬಂದು ಕೆಲವು ಮಳೆಗಾಲಗಳೇ ಕಳೆದಿದ್ದವು. ಅಂಗಳದಲ್ಲಿ ಓಡಾಡುವುದು ಕೋಳಿಯೋ ಕಾಗೆಯೋ ಎಂಬುದನ್ನು ಅವಳು ಕೂಗು ಕೇಳಿ ತೀರ್ಮಾನಿಸುತ್ತಿದ್ದಳು. ಅಂಥವಳಿಗೆ ದಡದಾಚೆಯ ಬಂಡೆಯ ಬದಿಗೆ ಹೋದ ಇಬ್ಬರು ಗಂಡಸರ ಮುಖ ಸಂಜೆಗತ್ತಲಲ್ಲಿ ಸ್ಪಷ್ಟವಾಗಿ ಕಂಡಿತ್ತು. ಸಾಕ್ಷಿಯೇನೋ ಭದ್ರವಾಗಿತ್ತು, ಕಣ್ಣೊಂದು ಇರಲಿಲ್ಲ ಅಷ್ಟೆ.

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಗಣೇಶ ಗಂಟಲು ಸರಿಮಾಡಿಕೊಂಡ. ಜೀಪು ಓಡಿಸುವುದು ಅವನ ಕೆಲಸ, ಅಭಿಪ್ರಾಯ ಕೊಡುವುದು ಹವ್ಯಾಸ. "ಎಲ್ಲರೂ ಒಂದೇ ಹೇಳ್ತಾ ಇದ್ದಾರಲ್ಲ ಮೇಡಂ. ಮತ್ತೆಂತಕ್ಕೆ ಕೇಳೋದು?"

ಅದೇ ಸುಮಲತಾಳ ತೊಂದರೆಯಾಗಿತ್ತು. ರಂಪಣಿ ಬಲೆಯ ಮುಖ್ಯಸ್ಥ ಜಟ್ಟು ತಾಂಡೇಲನ ಹೆಣ, ತಲೆಯ ಹಿಂಬದಿ ಒಡೆದು, ಬಂಡೆಯ ಸಂದಿನಲ್ಲಿ ಸಿಕ್ಕ ದಿನದಿಂದ ಗಾಳಿಕೇರಿಯ ಮನೆಮನೆಯಲ್ಲೂ ಅವಳು ಕೇಳಿದ್ದು ಇದೇ ಮಾತು. ಮುಳುಗುವ ಹೊತ್ತು ಎಂದು ಒಬ್ಬರೂ ಹೇಳಲಿಲ್ಲ, ದೀಪ ಹಚ್ಚುವ ಹೊತ್ತು ಎಂದು ಯಾರೂ ಹೇಳಲಿಲ್ಲ. ಎಲ್ಲರ ಸೂರ್ಯನೂ ನೀರು ಮುಟ್ಟಿಯೇ ನಿಂತಿದ್ದ. ಆ ಮಾತಿನ ಮೇಲೆಯೇ ದತ್ತಾ ಲಾಕಪ್ಪಿನಲ್ಲಿದ್ದ. ಜಟ್ಟುವಿನ ಜೊತೆ ದೋಣಿ ಕಟ್ಟುವ ತನಕ ಮಾತ್ರ ಇದ್ದೆ, ಆಮೇಲೆ ಮನೆಗೆ ಬಂದೆ ಎಂದು ಅವನೂ ಒಂದೇ ಮಾತು ಹೇಳುತ್ತಿದ್ದ. ಆದರೆ ಅವನ ಕಡೆ ಅವನೊಬ್ಬನೇ ಇದ್ದ. ನಾಳೆ ಅವನ ಕಸ್ಟಡಿ ಮುಗಿಯುತ್ತಿತ್ತು. ಕೋರ್ಟಿನ ಮುಂದೆ ನಿಲ್ಲಿಸಿ ಕೊಲೆಗಾರ ಇವನೇ ಎಂದರೆ, ಮುಂದೆ ಎಷ್ಟು ವರ್ಷ ಅವನು ಸಮುದ್ರ ನೋಡುವುದಿಲ್ಲವೋ.

ಸುಮಲತಾ ಗಣೇಶನನ್ನು ಜೀಪಿಗೆ ಕಳಿಸಿ, ಮುದುಕಿಯ ಹತ್ತಿರ ಸರಿದು ಕೂತಳು. "ಗಂಗಕ್ಕಾ, ಜೀಪು ಎಲ್ಲಿ ನಿಂತಿದೆ ತೋರ್ಸು."

ಗಂಗೂಳ ಕೈ ಅಕ್ಕಿಚೀಲದ ಕಡೆಗೇ ಎದ್ದು, ಅರ್ಧಕ್ಕೆ ಇಳಿಯಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಬೈಯಬೇಡಿ ಎಂದು ಮೊದಲೇ ಕರಾರು ಮಾಡಿಕೊಂಡು, ನಿಜ ಹೇಳಿದಳು.

ರಂಪಣಿ ಎಂದರೆ ಕಡಲನ್ನು ದೊಡ್ಡದಾಗಿ ಸುತ್ತುವರಿದು ದಡಕ್ಕೆ ಎಳೆಯುವ ಬಲೆ. ಎರಡು ತುದಿಯ ಹಗ್ಗಕ್ಕೂ ಕೇರಿಗೆ ಕೇರಿಯೇ ಕೈ ಹಚ್ಚಬೇಕು. ಹಗ್ಗ ಮುಟ್ಟಿದ ಎಲ್ಲರಿಗೂ ಮೀನಿನಲ್ಲಿ ಪಾಲು. ಆ ಸಂಜೆ ಗಂಗೂ ದಡಕ್ಕೆ ಬಂದಾಗ ಬಲೆ ಆಗಲೇ ಮರಳು ಹತ್ತಿತ್ತು. ಕೊನೆಯ ಒಂದು ಮೊಳ ಹಗ್ಗ ಎಳೆದು, ಮೊದಲಿಂದ ಇದ್ದವಳ ಹಾಗೆ ಸೊಂಟ ಹಿಡಿದುಕೊಂಡು ನಿಂತು, ಪೂರಾ ಪಾಲು ತೆಗೆದುಕೊಂಡು ಹೋಗಿದ್ದಳು.

"ಈಗ ಕಂಡಿಲ್ಲ ಅಂದ್ರೆ, ನೀ ಆವಾಗ ಎಲ್ಲಿದ್ದೆ ಅಂತ ಕೇಳ್ತಾರೆ," ಎಂದಳು. "ಬಂಗಡೆ ತಿಂದಾಯ್ತಲ್ಲ. ಎಲ್ಲಿಂದ ತಿರುಗಿ ಕೊಡ್ಲಿ?"

"ಮತ್ತೆ ಉಳಿದವರು?"

"ಅವ್ರೂ ತಿಂದಾರೆ."

ಸುಮಲತಾಳಿಗೆ ನಗು ಬಂತು, ಬಂದ ಹಾಗೆಯೇ ಹೋಯಿತು. ಪಾಲು ಉಳಿಸಿಕೊಳ್ಳಲು ಕೇರಿಗೆ ಕೇರಿಯೇ ಒಬ್ಬನನ್ನು ಜೈಲಿಗೆ ಕಳಿಸುತ್ತಿತ್ತು. ಅವರಲ್ಲಿ ಯಾರಿಗೂ ದತ್ತಾನ ಮೇಲೆ ದ್ವೇಷವಿರಲಿಲ್ಲ.

ಹೊರಗೆ ಬಾವಿಕಟ್ಟೆಯ ಹತ್ತಿರ ದತ್ತಾನ ಹೆಂಡತಿ ಚಂದನಾ ಕೊಡ ಹಿಡಿದು ನಿಂತಿದ್ದಳು. ಉಳಿದ ಹೆಂಗಸರು ಅವಳಿಗೆ ಜಾಗ ಬಿಟ್ಟಿದ್ದರು. ಬೈಯುತ್ತಿರಲಿಲ್ಲ, ದೂಡುತ್ತಿರಲಿಲ್ಲ. ಬರೀ ಜಾಗ ಬಿಟ್ಟಿದ್ದರು. ಅದೇ ನೋಡಲು ಕಷ್ಟವಾಗಿತ್ತು.

ಸುಮಲತಾಳನ್ನು ಕಂಡು ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮೆಲ್ಲಗೆ ಹತ್ತಿರ ಬಂದು, "ಮೇಡಂ, ಆವತ್ತು ನಾ ಬಿಣಗಾದಲ್ಲಿ ತಂಗಿ ಮನೇಲಿದ್ದೆ," ಎಂದಳು. "ಕೇರಿಲೇ ಇರಲಿಲ್ಲ. ಆದ್ರೂ ಈಗ ಕಣ್ಣು ಮುಚ್ಚಿದ್ರೆ ಅವ್ರು ಜಟ್ಟು ಮಾಮನ ಜೊತೆ ಬಂಡೆ ಬದಿಗೆ ಹೋಗೋದು ಕಾಣ್ತದೆ. ಸೂರ್ಯನೂ ಕಾಣ್ತದೆ. ನಂಗೇ ಹೀಗಾದ್ರೆ ಹ್ಯಾಂಗೆ?"

ಅದಕ್ಕೆ ಉತ್ತರ ಇರಬಹುದಾದ, ಸುಮಲತಾಳಿಗೆ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಕಾರವಾರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ.

ಸುಜಯ ಅವಳ ಹೈಸ್ಕೂಲು ಸಹಪಾಠಿ. ಮನುಷ್ಯರನ್ನು ಚುಕ್ಕೆ ಮಾಡಿ ಕಂಪ್ಯೂಟರಿನಲ್ಲಿ ಬಿಡುವುದು ಅವನ ಸಂಶೋಧನೆ. ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ಅವಳೆದುರು ಇಟ್ಟ. ಪರದೆಯ ತುಂಬ ಬಿಳಿ ಚುಕ್ಕೆ, ನಡುನಡುವೆ ಒಂದೆರಡು ಕೆಂಪು. ಚುಕ್ಕೆಗಳು ಪರಸ್ಪರ ಮಾತಾಡಿಕೊಳ್ಳುತ್ತವೆ ಎಂದ. ಬಿಳಿ ಚುಕ್ಕೆಯ ಕಿವಿಗೆ ಕೆಂಪು ಮಾತು ಬಿದ್ದರೆ ಅದು ತಕ್ಷಣ ಒಪ್ಪುವುದಿಲ್ಲ, ಬಿಡುವುದೂ ಇಲ್ಲ. ಎರಡನ್ನೂ ಇಟ್ಟುಕೊಳ್ಳುತ್ತದೆ. ಅದೇ ಮಾತು ಇನ್ನೊಮ್ಮೆ ಬಿದ್ದರೆ ತನ್ನ ಹಳೆಯದನ್ನು ಉಗುಳಿ ಕೆಂಪಾಗುತ್ತದೆ. ಆದರೆ ಮೊದಲಿನ ಆ ಕೆಂಪು ಚುಕ್ಕೆಗಳು ಹಠಮಾರಿಗಳು. ಅವಕ್ಕೆ ಬಾಯಿ ಮಾತ್ರ ಇದೆ, ಕಿವಿ ಇಲ್ಲ.

ಹಠಮಾರಿಗಳು ತೀರ ಕಡಿಮೆ ಇದ್ದಾಗ ಎಷ್ಟು ಹೊತ್ತು ಕಾದರೂ ಪರದೆ ಬಿಳಿಯಾಗಿಯೇ ಉಳಿಯಿತು. ಸುಜಯ ಒಂದೊಂದೇ ಕೆಂಪು ಸೇರಿಸುತ್ತ ಹೋದ. ಏನೂ ಆಗಲಿಲ್ಲ. ಹತ್ತರಲ್ಲಿ ಒಂದು ಎನ್ನುವಷ್ಟಕ್ಕೆ ಬಂದಾಗ ಪರದೆ ಒಮ್ಮೆ ತಡವರಿಸಿ, ಹಾಲಿಗೆ ಕುಂಕುಮ ಬಿದ್ದಂತೆ ಪೂರ್ತಿ ಕೆಂಪಾಯಿತು.

ನಿನ್ನ ಚುಕ್ಕೆಗಳಿಗೆ ಅತ್ತೆ ಮಾವ ಇಲ್ಲ, ಪಾಲಿನ ಬಂಗಡೆಯೂ ಇಲ್ಲ ಎಂದಳು ಸುಮಲತಾ. ಅದಕ್ಕೇ ಅವು ಬೇಗ ಅರ್ಥವಾಗುತ್ತವೆ, ನೀನು ಅವನ್ನು ದೇವರ ಮಾತು ಅಂದುಕೊಳ್ಳಬೇಡ ಎಂದ ಸುಜಯ. ಆಮೇಲೆ ಕೇಳಿದ: "ಹಗ್ಗ ಎಳೆದೋರು ಎಷ್ಟು ಜನ?"

"ನಲವತ್ತರ ಹತ್ತಿರ."

"ಅದ್ರಲ್ಲಿ ಮಾತು ಬದಲಿಸದೇ ಇರೋರು?"

ಮೂವರಿದ್ದರು. ಮೀನು ಮಾರುವ ಕಾಮಿ, ಅವಳ ತಮ್ಮ ಬೀರು, ಅಳಿಯ ರೋಷನ. ಉಳಿದವರನ್ನು ಗಟ್ಟಿಯಾಗಿ ಕೇಳಿದರೆ ಕಣ್ಣು ತಪ್ಪಿಸುತ್ತಿದ್ದರು. ಈ ಮೂವರು ಮಾತ್ರ ನೆಟ್ಟ ಕಂಬದ ಹಾಗೆ.

"ಮೂವರು ಸಾಲೋದಿಲ್ಲ ಸುಮಾ. ಇನ್ನೊಬ್ಬರು ಇರ್ಬೇಕು. ಮನೆಮನೆಗೆ ಹೋಗಿ ಅದೇ ಮಾತು ಹೇಳಿದವರು, ಏನು ಉತ್ತರ ಬಂದರೂ ತಮ್ಮ ಮಾತು ಬಿಡದವರು."

ಹೊರಡುವಾಗ ಅವಳು ಜಟ್ಟುವಿನ ವಿಷಯ ಹೇಳಿದಳು. ಯಾವುದೋ ರೆಸಾರ್ಟಿನವರು ಗಾಳಿಕೇರಿಯ ದಡ ಕೇಳಿದ್ದರು. ಬೇಸಿಗೆಯಲ್ಲಿ ಇಡೀ ಕೇರಿ ಹೂಂ ಎಂದಿತ್ತು, ಜಟ್ಟು ಒಬ್ಬನೇ ಕೊಡುವುದಿಲ್ಲ ಎಂದಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಮೂರು ನಾಲ್ಕು ಮನೆಯವರು ಅವನ ಜಗಲಿಯಲ್ಲಿ ಕೂತು ಕೊಡುವುದಿಲ್ಲ ಎನ್ನತೊಡಗಿದ್ದರು.

ಸುಜಯ ಲ್ಯಾಪ್‌ಟಾಪ್ ಮುಚ್ಚಿದ. "ಹಾಗಾದ್ರೆ ಕೊಂದವನಿಗೆ ನನ್ನ ಪಾಠ ಬೇಕಾಗಿಲ್ಲ," ಎಂದ. "ಲೆಕ್ಕ ಅವನಿಗೇ ಗೊತ್ತಿತ್ತು."

ಮಧ್ಯಾಹ್ನದ ಹೊತ್ತಿಗೆ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಗದ್ದಲ ಇಳಿದಿತ್ತು. ಕಾಮಿ ಎರಡು ಇಸ್ವಾಣ ಮೀನು ಮುಂದಿಟ್ಟುಕೊಂಡು ಕೂತಿದ್ದಳು. ಎದುರಿಗೆ ಕೈಚೀಲ ಹಿಡಿದ ಒಬ್ಬ ಗೃಹಸ್ಥ ದರ ಇಳಿಸೆಂದು ಬಗೆಬಗೆಯಾಗಿ ಬೇಡುತ್ತಿದ್ದ. ಕಾಮಿ ಆಗೋದಿಲ್ಲ ಅನ್ನಲೂ ಇಲ್ಲ. ತಲೆಯನ್ನೇ ಎತ್ತದೆ ನೊಣ ಓಡಿಸುತ್ತಿದ್ದಳು. ಆತ ನಾಲ್ಕು ಹೆಜ್ಜೆ ಹೋದ, ತಿರುಗಿ ನೋಡಿದ, ವಾಪಸು ಬಂದು ಹೇಳಿದಷ್ಟೇ ಕೊಟ್ಟು ಒಯ್ದ.

"ಬಸ ಗೋ ಬಾಯ್," ಎಂದು ಕಾಮಿ ಒಂದು ಬುಟ್ಟಿ ಬೋರಲು ಹಾಕಿ ಸುಮಲತಾಳನ್ನು ಕೂರಿಸಿದಳು. ಗಣೇಶ ಕಂಬಕ್ಕೆ ಒರಗಿ ನಿಂತ.

"ಕಾಮಕ್ಕಾ, ಆ ಸಂಜೆ ನೀ ಹಗ್ಗದ ಯಾವ ತುದಿಗಿದ್ದೆ?"

"ಯಾವ ತುದಿಗೂ ಇಲ್ಲ." ಕಾಮಿ ಕತ್ತಿಯ ಮೇಲಿನ ಹುರುಪೆ ಉಜ್ಜಿ ತೆಗೆಯುತ್ತಿದ್ದಳು. "ನಂಗೆ ಜ್ವರ. ಮನೇಲಿ ಮಲಗಿದ್ದೆ. ಪಾಲೂ ತಕಂಡಿಲ್ಲ. ಬೇಕಾದ್ರೆ ಕೇಳು."

ಸುಮಲತಾ ಅವಳನ್ನೇ ನೋಡಿದಳು. ಇಷ್ಟು ಸಲೀಸಾಗಿ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. "ಮತ್ತೆ ದತ್ತಾ ಹೋದದ್ದು ಕಂಡೆ ಅಂದ್ಯಲ್ಲ?"

"ಅಂದೆ."

"ಮಲಗಿದಲ್ಲಿಂದ ಕಂಡ್ಯಾ?"

"ತಂಗೀ, ನಾ ಒಮ್ಮೆ ಬಾಯಲ್ಲಿ ಹೇಳಿದ್ದು ಹೇಳಿದ್ದೇ. ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಒಂದು ದರ ಹೇಳಿದ್ರೆ ನಾಳೆ ನನ್ನ ಬುಟ್ಟಿ ಮುಂದೆ ಯಾರು ನಿಲ್ತಾರೆ? ಬೀರು, ರೋಷನ ನನ್ನ ಮನೆಯವ್ರು. ನಾ ಹೇಳಿದ್ದು ಬಿಟ್ಟು ಅವ್ರು ಬೇರೆ ಹೇಳೋದಿಲ್ಲ."

"ಇದು ಮೀನಲ್ಲ. ದತ್ತಾನ ಜೀವ."

ಕತ್ತಿ ನಿಂತಿತು. ಕಾಮಿ ಮೊದಲ ಸಲ ತಲೆ ಎತ್ತಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯ ಇತ್ತು.

"ಅಲ್ದೇ, ನೀನೇ ಹೇಳಿದ್ದಲ್ಲ?"

"ಏನು?"

"ಹೆಣ ಸಿಕ್ಕ ದಿನ. ಕೇರಿಗೆ ಇಳಿಯೋ ದಾರಿಲಿ ನಮ್ಮನೆ ಮೊದಲು. ನೀ ಜೀಪು ನಿಲ್ಸಿದೆ. ಬಾಗಿಲಲ್ಲಿ ನಿಂತು ಕೇಳ್ದೆ, 'ನಿನ್ನೆ ಸೂರ್ಯ ನೀರು ಮುಟ್ಟೋ ಹೊತ್ತಿಗೆ ದತ್ತಾ ಜಟ್ಟುನ್ನ ಕರ್ಕಂಡು ಬಂಡೆ ಬದಿಗೆ ಹೋದ್ದು ಕಂಡ್ಯಾ' ಅಂತ. ಪೊಲೀಸರಿಗೆ ಗೊತ್ತಾದ ಮೇಲೆ ನಾ ಅಲ್ಲ ಅನ್ಲಾ? ಹೌದು ಅಂದೆ. ಆಮೇಲೆ ನೀ ಪಕ್ಕದ ಮನೆಗೆ ಹೋದೆ. ಅಲ್ಲೂ ಹಾಂಗೇ ಕೇಳ್ದೆ."

ಮೇಲೆ ತಗಡಿನ ಮಾಡಿನಲ್ಲಿ ಕಾಗೆಯೊಂದು ಹೆಜ್ಜೆ ಹಾಕುವುದು ಕೇಳುತ್ತಿತ್ತು.

ಮನೆಮನೆಗೆ ಹೋಗಿ ಅದೇ ಮಾತು ಹೇಳಿದವರು. ಏನು ಉತ್ತರ ಬಂದರೂ ಬಿಡದವರು. ಸುಜಯ ಹುಡುಕು ಎಂದ ನಾಲ್ಕನೆಯ ಕೆಂಪು ಚುಕ್ಕೆ ಖಾಕಿ ಹಾಕಿಕೊಂಡು ಮೀನುಬುಟ್ಟಿಯ ಮೇಲೆ ಕೂತಿತ್ತು. ಉಳಿದ ಮೂವರ ಹಿಂದೆ ಮೀನುಬುಟ್ಟಿ ಮಾತ್ರ ಇತ್ತು. ಇವಳ ಹಿಂದೆ ಜೀಪಿತ್ತು, ಲಾಠಿಯಿತ್ತು.

"ನಾ ಕೇಳೋಕೆ ಮೊದಲು ಕೇರಿಲಿ ಯಾರಾದ್ರೂ ಆ ಮಾತು ಆಡಿದ್ರಾ?"

"ಯಾರೂ ಇಲ್ಲ. ಜಟ್ಟು ಜಾರಿ ಬಿದ್ದ ಅಂತ್ಲೇ ಅಳ್ತಾ ಇದ್ರು." ಕಾಮಿ ಮುಂದಕ್ಕೆ ಬಾಗಿದಳು. "ನಿಂಗೆ ಯಾರು ಹೇಳಿದ್ರು ತಂಗೀ?"

ಸುಮಲತಾ ಆ ಬೆಳಿಗ್ಗೆಗೆ ಹಿಂತಿರುಗಿದಳು. ಹೆಣದ ಸುದ್ದಿ ಬಂದಾಗ ಅವಳು ಬಾಳೆಗುಳಿಯ ಚಾ ಅಂಗಡಿಯಲ್ಲಿದ್ದಳು. ಜೊತೆಯಲ್ಲಿ ಅಕ್ಕ ಭಾರತಿಯ ಗಂಡ ಜಗದೀಶ. ಬಾಳೆಗುಳಿಯಲ್ಲಿ ಅವನ ಟಿಪ್ಪರ್ ಲಾರಿಗಳು ನಿಲ್ಲುತ್ತಿದ್ದವು. ಮನೆ ಕಟ್ಟುವವರು, ರಸ್ತೆ ಮಾಡುವವರು, ರೆಸಾರ್ಟು ಎಬ್ಬಿಸುವವರು ಎಲ್ಲರಿಗೂ ಅವನು ಬೇಕಾದವನು. ಫೋನಿನ ಮಾತು ಕೇಳಿಸಿಕೊಂಡು ಅವನು ಬಹಳ ನೊಂದವನ ಹಾಗೆ ತಲೆ ಆಡಿಸಿದ್ದ. ನಿನ್ನೆ ಸೂರ್ಯ ನೀರು ಮುಟ್ಟೋ ಹೊತ್ತಿಗೆ ದತ್ತಾ ಅವನನ್ನು ಬಂಡೆ ಬದಿಗೆ ಕರೆದುಕೊಂಡು ಹೋಗಿದ್ದನಂತೆ, ಕೇರಿಯವರು ಹೇಳುತ್ತಿದ್ದರು ಎಂದಿದ್ದ.

ಕೇರಿಯವರು ಹೇಳಿರಲಿಲ್ಲ. ಬಾಳೆಗುಳಿಯಲ್ಲಿ ಕೂತರೆ ಲಾರಿ ಕಾಣುತ್ತದೆ, ಸೂರ್ಯ ಮುಟ್ಟುವ ನೀರು ಕಾಣುವುದಿಲ್ಲ.

ಅವಳು ಬೇಕೆಂದೇ ಮಾತು ತಿರುಗಿಸಿದಳು. "ಒಳ್ಳೆ ಬಂಗಡೆ ಎಲ್ಲೂ ಸಿಗ್ತಾ ಇಲ್ಲ ಅಲ್ದಾ? ಆ ದಿನ ನಿಮ್ಮ ರಂಪಣಿಗೆ ಬಿದ್ದದ್ದು ಮಾರ್ಕೆಟ್ಟಿಗೆ ಬಂದಿತ್ತಾ?"

ಕಾಮಿ ನಕ್ಕಳು. ಆ ಒಂದು ದಿನದ ರಂಪಣಿ ಬಿಟ್ಟರೆ ಈ ಹದಿನೈದು ದಿನ ಗಾಳಿಗೆ ಯಾವ ಬಲೆಯೂ ಇಳಿದಿಲ್ಲ, ಇಲ್ಲಿರುವುದೆಲ್ಲ ಹೊರಗಿನಿಂದ ಬಂದ ಐಸಿನ ಮೀನು ಎಂದಳು. ಇನ್ನು ತಮ್ಮ ಕೇರಿಯ ಬಂಗಡೆ ಮಾರ್ಕೆಟ್ಟಿಗೆ ಬರುವ ಮಾತೇ ಇಲ್ಲ. "ಅದು ಮಳೆ ಕಳೆದ ಮೇಲಿನ ಮೊದಲ ಬಲೆ, ನಾವು ಮಾರೋದಿಲ್ಲ ತಂಗೀ. ಯಾರಿಗೂ ಕೊಡೋದೂ ಇಲ್ಲ. ಹಗ್ಗ ಮುಟ್ಟಿದವ್ರ ಒಲೆ ಮೇಲೇ ಬೇಯ್ಬೇಕು. ಇಲ್ದಿದ್ರೆ ಸಮುದ್ರ ಮುನೀತದೆ. ಹೊರಗಿನವ ಆದ್ರೂ ಹಗ್ಗ ಮುಟ್ಟಿದ್ರೆ ಪಾಲು ಕೊಡ್ತೇವೆ, ಮುಟ್ಟದಿದ್ರೆ ದೇವ್ರೇ ಬಂದ್ರೂ ಇಲ್ಲ."

ಸುಮಲತಾಳ ನಾಲಿಗೆಯ ಮೇಲೆ ತಿಂದು ಮರೆತ ಒಂದು ರುಚಿ ಎದ್ದು ಬಂತು.

ಹೆಣ ಸಿಕ್ಕ ದಿನ ಮಧ್ಯಾಹ್ನ ಅಕ್ಕ ಬಾವನೂ ಇರುವ ಬೊಬ್ರುವಾಡದ ತಮ್ಮ ಮನೆಯಲ್ಲಿ ಅವಳು ಊಟ ಮಾಡಿದ್ದು ಬಂಗಡೆಯ ಸಾರಿನಲ್ಲಿ. ಐಸು ಕಾಣದ ಬಂಗಡೆ. ಅವ್ವ ಹೊಗಳಿ ಹೊಗಳಿ ಬಡಿಸಿದ್ದಳು. ಜಗಲಿಯಲ್ಲಿ ಗಣೇಶನೂ ಎರಡು ಸಲ ಅನ್ನ ಹಾಕಿಸಿಕೊಂಡಿದ್ದ.

ಜೀಪು ಹತ್ತಿದೊಡನೆ ಅವಳು ಅವ್ವನಿಗೆ ಫೋನು ಮಾಡಿ, ಆವತ್ತು ಬಂಗಡೆ ತಂದವರು ಯಾರು ಎಂದು ಕೇಳಿದಳು. ಮತ್ಯಾರು, ಜಗದೀಶ, ಹಿಂದಿನ ರಾತ್ರಿ ಕಾರವಾರ ಮಾರ್ಕೆಟ್ಟಿಂದ ತಂದೆ ಅಂದಿದ್ದ, ಈಗೆಂತಕ್ಕೆ ಎಂದಳು ಅವ್ವ. ಹೀಗೇ ಎಂದು ಸುಮಲತಾ ಫೋನು ಇಟ್ಟಳು. ಗಣೇಶ ರಸ್ತೆಯನ್ನೇ ನೋಡುತ್ತಿದ್ದ.

ಆ ಸಂಜೆ ಜಗದೀಶ ದಡದಲ್ಲಿದ್ದ. ಬೊಬ್ರುವಾಡದ ಗದ್ದೆ ಬದಿಯವನಿಗೆ ಹಗ್ಗ ಎಳೆಯಲು ಬಂದಿರಬಹುದು, ಕೇರಿಯ ನೇಮ ಗೊತ್ತಿರಲಿಲ್ಲ. ಯಾರೋ ಹೊರಗಿನವ ಉಮೇದಿಗೆ ಕೈ ಹಚ್ಚಿದ ಎಂದು ಪಾಲು ಕೊಟ್ಟಿರುತ್ತಾರೆ. ಅವನು ಅದನ್ನು ಬರೀ ಮೀನು ಎಂದುಕೊಂಡು ಮನೆಗೆ ತಂದ. ಅವಳು ಸಾಕ್ಷ್ಯವನ್ನು ಅನ್ನಕ್ಕೆ ಕಲಸಿ ಉಂಡಳು.

ಅಂಕೋಲೆ ಪೇಟೆ ಬಂದಾಗ ಗಣೇಶ, ಡೀಸೆಲ್ ಮುಗಿಯುತ್ತ ಬಂತು, ಬಾಳೆಗುಳಿಯ ಬಂಕಿಗೆ ಹೋಗಿ ಬರೋಣ ಎಂದ. ಬಂಕಿನಲ್ಲಿ ಇಳಿದವನು ಪಕ್ಕದ ಟಿಪ್ಪರ್‌ಗಳ ಸಾಲಿನ ಹಿಂದೆ ಮರೆಯಾದ. ಬರುವಾಗ ಬಾಯಿ ಒರೆಸಿಕೊಳ್ಳುತ್ತಿದ್ದ. ಚಾ ಕುಡಿದೆ ಎಂದ. ತನ್ನ ತಲೆಯೊಳಗಿನದನ್ನೇ ಕೇಳುತ್ತ ಕೂತಿದ್ದ ಸುಮಲತಾ ಅದಕ್ಕೆ ಲಕ್ಷ್ಯ ಕೊಡಲಿಲ್ಲ. ಆ ಬಂಕಿನಲ್ಲಿ ಬಹಳ ಹೊತ್ತು ಹೋಗಿತ್ತೆಂದು ಅವಳಿಗೆ ಹೊಳೆದದ್ದು ಆಮೇಲೆ.

ಮನೆಯ ಜಗಲಿಯಲ್ಲಿ ಜಗದೀಶ ಕಾಲು ಚಾಚಿ ಕೂತಿದ್ದ. ಅವನ ಬೈಕಿನ ಇಂಜಿನ್ನು ಇನ್ನೂ ಬಿಸಿಯಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಅಕ್ಕ ಭಾರತಿ ಒಳಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಗಣೇಶ ಜೀಪಿನಲ್ಲಿಯೇ ಉಳಿದ. ಗಾಜು ಏರಿಸಿಕೊಂಡು ಫೋನು ನೋಡುತ್ತಿದ್ದ.

"ಬಾ ಸುಮಾ," ಎಂದ ಜಗದೀಶ. "ನಾಳೆ ಕೋರ್ಟಂತೆ. ದತ್ತಾನೇ ಅಲ್ದಾ? ಇಡೀ ಕೇರಿ ಹೇಳ್ತದೆ ಅಂದ್ಮೇಲೆ ಮತ್ತೆಂತದು."

ಸುಮಲತಾ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದಳು. "ಬಾವಾ, ಆವತ್ತು ಬಂಗಡೆ ಚಲೋ ಇತ್ತು. ಎಲ್ಲಿ ತಂದದ್ದು?"

ಉತ್ತರ ಒಳಬಾಗಿಲಿನಿಂದ ಬಂತು.

"ಅದು ಇವ್ರು ತಂದದ್ದಲ್ಲ," ಎಂದಳು ಭಾರತಿ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. "ನಾ ತಂದದ್ದು. ಅಂಕೋಲೆ ಪೇಟೆಲಿ, ಮಳೆಹನಿ ನಿಂತ ಮೇಲೆ."

"ಅವ್ವ ಬಾವ ತಂದದ್ದು ಅಂದಳಲ್ಲ. ಈಗಷ್ಟೇ ಫೋನಲ್ಲಿ."

"ಅವ್ವಂಗೆ ಮರೆವು. ನಾ ತಂದದ್ದು. ಅಂಕೋಲೆ ಪೇಟೆಲಿ, ಮಳೆಹನಿ ನಿಂತ ಮೇಲೆ."

ಅವ್ವ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಬಂದಳು. ದೊಡ್ಡ ಮಗಳನ್ನು ನೋಡಿದಳು, ಚಿಕ್ಕ ಮಗಳನ್ನು ನೋಡಿದಳು. ಅವಳ ತುಟಿ ಒಂದು ಕಡೆಗೆ ಅಲುಗಿ, ನಿಂತು, ಇನ್ನೊಂದು ಕಡೆಗೆ ಅಲುಗಿತು. ಬಿಳಿ ಪರದೆ ಕೆಂಪಾಗುವ ಮುಂಚೆ ಹೀಗೇ ತಡವರಿಸಿತ್ತು.

"ಹೌದೇನೋ," ಎಂದಳು ಅವ್ವ. "ಭಾರತಿಯೇ ಇರ್ಬೇಕು. ನಂಗೆ ಈಗೀಗ ಯಾವುದೂ ಸಮಾ ನೆನಪಿರೋದಿಲ್ಲ." ಒಂದು ಗಳಿಗೆ ಬಿಟ್ಟು ಇನ್ನೂ ಗಟ್ಟಿಯಾಗಿ, "ಹೌದು, ಭಾರತಿಯೇ. ಸೆರಗು ಒದ್ದೆಯಾಗಿತ್ತು ಅವಳದ್ದು."

ಜಗದೀಶ ನಗುತ್ತಲೂ ಇರಲಿಲ್ಲ. ತನ್ನ ಉಗುರು ನೋಡಿಕೊಳ್ಳುತ್ತಿದ್ದ.

ಸುಮಲತಾ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ನೋಡಿದಳು. ಅಕ್ಕನ ಒದ್ದೆ ಸೆರಗು ಕಣ್ಣಿಗೆ ಕಟ್ಟಿತು. ನಿಜವಾಗಿ ಕಟ್ಟಿತು; ಅಂಚಿನ ಬಣ್ಣ ಸಹಿತ. ಬಾವಿಕಟ್ಟೆಯ ಹತ್ತಿರ ಚಂದನಾ ಹೇಳಿದ್ದು ಏನೆಂದು ಅವಳಿಗೆ ಆಗ ಅರ್ಥವಾಯಿತು.

ಆದರೆ ಇನ್ನೊಬ್ಬ ಇದ್ದ. ಈ ಮಾತು ಯಾವುದೂ ಕಿವಿಗೆ ಬೀಳದ, ಆ ದಿನ ಇದೇ ಜಗಲಿಯಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡವ. ಅವಳು ಸರಸರ ಅಂಗಳ ದಾಟಿ ಜೀಪಿನ ಗಾಜು ತಟ್ಟಿದಳು. ಗಣೇಶ ಗಾಜು ಇಳಿಸಿದ.

"ಗಣೇಶ, ಆವತ್ತು ಇಲ್ಲಿ ಬಂಗಡೆ ತಿಂದೆವಲ್ಲ. ಅದನ್ನ ತಂದದ್ದು ಯಾರು?"

ಗಣೇಶ ಒಂದು ಕ್ಷಣವೂ ಯೋಚಿಸಲಿಲ್ಲ.

"ಭಾರತಕ್ಕ ಅಲ್ದಾ ಮೇಡಂ," ಎಂದ. "ಅಂಕೋಲೆ ಪೇಟೆಲಿ, ಮಳೆಹನಿ ನಿಂತ ಮೇಲೆ."